ಬಾರದೇ ಹೋದ ಪಶ್ಚಾತ್ತಾಪ

ಭಾನುವಾರದ ಪೂಜೆಯಲ್ಲಿ ಪರಮಪ್ರಸಾದದ ಹೊತ್ತಿಗೆ ನಂಜನಗೂಡಿನ ನಮ್ಮ ಪುಟ್ಟ ಚರ್ಚಿನಲ್ಲಿ ಎಲ್ಲರೂ ಎದ್ದು ಸಾಲಿನಲ್ಲಿ ನಿಲ್ಲುತ್ತಾರೆ. ಬೆಂಚಿನಲ್ಲಿ ಉಳಿಯುವವರು ಮೂರೇ ಬಗೆ: ಹಿಂದಿನ ದಿನ ಕುಡಿದದ್ದು ಇನ್ನೂ ಇಳಿಯದವರು, ಹೆಂಡತಿ ಬದುಕಿರುವಾಗಲೇ ಇನ್ನೊಂದು ಮದುವೆಯಾದವರು, ಮತ್ತು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು. ಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು, ಕುಡಿಯಬಾರದು ಎಂಬ ನಿಯಮ ನನ್ನನ್ನು ಕಾಪಾಡುತ್ತಿತ್ತು. ಯಾರಾದರೂ ಹುಬ್ಬೇರಿಸಿದರೆ "ಈಗ ತಾನೇ ಕಾಫಿ ಕುಡಿದೆ" ಅನ್ನುತ್ತಿದ್ದೆ. ಹೀಗೆ ಒಂಬತ್ತು ವರ್ಷ ಕಾಫಿ ಕುಡಿದೆ.

ನನ್ನ ಅಪರಾಧ ಇಷ್ಟೇ. ಮಗಳು ಹುಟ್ಟುವಾಗ ಬಿ.ಪಿ. ಏರಿ, ಫಿಟ್ಸ್ ಬಂದು, ಮೂರು ದಿನ ನನಗೆ ಪ್ರಜ್ಞೆ ಇರಲಿಲ್ಲ. ಇನ್ನೊಂದು ಬಸಿರಾದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡೆ. ನಮ್ಮ ಧರ್ಮಸಭೆಯ ಲೆಕ್ಕದಲ್ಲಿ ಅದು ಪಾಪ. ಆಮೇಲೆ, ಬುದ್ಧಿ ಇಲ್ಲದೆ, ಅದನ್ನು ಪಾಪನಿವೇದನೆಯಲ್ಲಿ ಹೇಳಿದೆ. ಆಗಿದ್ದ ವಯಸ್ಸಾದ ಫಾದರು ಬಹಳ ಸೌಮ್ಯವಾಗಿ, "ಪಶ್ಚಾತ್ತಾಪ ಪಡಮ್ಮ, ಕ್ಷಮೆ ಕೊಡುತ್ತೇನೆ" ಎಂದರು. ಬದುಕಿ ಉಳಿದದ್ದಕ್ಕೆ ಪಶ್ಚಾತ್ತಾಪ ಪಡುವುದು ಹೇಗೆ ಎಂದು ಕೇಳಿದೆ. ಕ್ಷಮೆ ಇಲ್ಲದೆ ಎದ್ದು ಬಂದೆ. ಕ್ಷಮೆ ಸಿಗದವರು ಪ್ರಸಾದ ಮುಟ್ಟುವ ಹಾಗಿಲ್ಲ. ಆಪರೇಷನ್ನಿನ ಫಾರಂಗೆ ನನ್ನ ಪಕ್ಕದಲ್ಲೇ ಸಹಿ ಹಾಕಿದ ನಮ್ಮ ಯಜಮಾನರನ್ನು ಮಾತ್ರ ಇದುವರೆಗೆ ಯಾರೂ ಏನೂ ಕೇಳಿಲ್ಲ. ಅವರು ವಾರವಾರವೂ ಕೈಮುಗಿದು ಹೋಗಿ ಪ್ರಸಾದ ತೆಗೆದುಕೊಂಡು ಬರುತ್ತಾರೆ.

ಇನ್ನು ನಮ್ಮ ಅತ್ತೆ. ಪ್ರಸಾದದ ಸಾಲಿನಲ್ಲಿ ಯಾವತ್ತೂ ಮೊದಲಿಗರು. ನಾನು ಕೂತಿದ್ದರ ಬಗ್ಗೆ ಒಂದೇ ಒಂದು ಮಾತು ಆಡಿದವರಲ್ಲ. ಆದರೆ ಸಂಜೆಯ ಜಪಮಾಲೆಯಲ್ಲಿ ದಾರಿ ತಪ್ಪಿದವರಿಗಾಗಿ ಒಂದು ಪ್ರಾರ್ಥನೆಯನ್ನು ಗಂಟಲು ಏರಿಸಿ ಸೇರಿಸುತ್ತಿದ್ದರು. ಮನೆಯಲ್ಲಿ ಇರುವವರು ನಾಲ್ಕೇ ಜನ, ಅದು ಯಾರಿಗೆ ಎಂದು ನನಗೆ ಅನುಮಾನವೇ ಇರಲಿಲ್ಲ.

ಈ ಸುಖಸಂಸಾರ ಹೀಗೇ ಸಾಗುತ್ತಿತ್ತೇನೋ. ಅಷ್ಟರಲ್ಲಿ ಮಗಳ ಮೊದಲ ಪರಮಪ್ರಸಾದ ಗೊತ್ತಾಯಿತು. ಅದಕ್ಕೆ ಮುಂಚೆ ಮಕ್ಕಳು ಪಾಪನಿವೇದನೆ ಮಾಡಬೇಕಲ್ಲ, ಸಿಸ್ಟರು ಪಾಪ ಬರೆದುಕೊಂಡು ಬರಲು ಒಂದೊಂದು ಹಾಳೆ ಕೊಟ್ಟಿದ್ದರು. ಇವಳು ಎರಡು ದಿನ ಪೆನ್ಸಿಲ್ ಕಚ್ಚಿ, ಇಡ್ಲಿಯನ್ನು ನಾಯಿಗೆ ಹಾಕಿದ್ದು, ಜಪಮಾಲೆಯಲ್ಲಿ ತೂಕಡಿಸಿದ್ದು, ಇಷ್ಟನ್ನು ಹುಡುಕಿದಳು. "ಎರಡೇ ಆಯ್ತಲ್ಲ, ಇನ್ನೊಂದೆರಡು ಹೇಳಮ್ಮ" ಎಂದು ನನ್ನ ಹಿಂದೆ ಬಿದ್ದಳು. ಪಾಪ, ಮಗು ದೊಡ್ಡ ಹೆಂಗಸಾಗುವವರೆಗೂ ಕಾಯಬೇಕು, ಆಮೇಲೆ ಪಟ್ಟಿಯನ್ನು ಬೇರೆಯವರೇ ಬರೆದುಕೊಡುತ್ತಾರೆ ಎಂದುಕೊಂಡೆ.

ಹಾಳೆ ಮಡಚಿ ಇಡುತ್ತಾ ಅವಳು ಅಂದಳು: "ಅವತ್ತು ಅಪ್ಪ ಅಮ್ಮ ಇಬ್ರೂ ನನ್ನ ಅಕ್ಕಪಕ್ಕ ನಿಂತು ತಗೋಬೇಕಂತೆ, ಸಿಸ್ಟರ್ ಹೇಳಿದ್ರು. ಅವತ್ತೊಂದಿನ ಕಾಫಿ ಕುಡೀಬೇಡಮ್ಮ."

ಅವಳನ್ನು ಆ ಸಾಲಿನಲ್ಲಿ ಒಂದು ಪಕ್ಕ ಖಾಲಿ ಬಿಟ್ಟು ಕಳಿಸಲು ನನ್ನಿಂದಾಗದು. ಪಶ್ಚಾತ್ತಾಪದ ನಾಟಕ ಆಡುವುದೂ ಆಗದು.

ನಮ್ಮವರಲ್ಲಿ ಒಂದು ರೂಢಿ ಇದೆ. ಮುಜುಗರದ ಪಾಪವನ್ನು ಸ್ವಂತ ಊರಿನ ಫಾದರಿಗೆ ಹೇಳುವುದಿಲ್ಲ, ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿ ಹೇಳುತ್ತೇವೆ. ದೇವರು ಎಲ್ಲ ಕಡೆ ಒಬ್ಬನೇ, ಗುರುತು ಹಿಡಿಯುವವರು ಮಾತ್ರ ಬೇರೆ. ಮಗಳ ಪ್ರಸಾದದ ಹಿಂದಿನ ದಿನ ಶನಿವಾರ, ಸ್ಕೂಲಿನ ಮೀಟಿಂಗ್ ಎಂದು ಮನೆಯಲ್ಲಿ ಸುಳ್ಳು ಹೇಳಿ ಟಿ. ನರಸೀಪುರದ ಬಸ್ಸು ಹತ್ತಿದೆ. ಪಾಪ ಹೇಳಲು ಹೋಗುವುದಕ್ಕೇ ಒಂದು ಹೊಸ ಪಾಪ ಬೇಕಾಯಿತು.

ಅಲ್ಲಿಯ ಚರ್ಚಿನಲ್ಲಿ ಪಾಪನಿವೇದನೆಗೆ ಕಾಯುವವರ ಬೆಂಚಿನ ತುದಿಯಲ್ಲಿ, ತಲೆ ತುಂಬ ಸೆರಗು ಹೊದ್ದು ಕೂತಿದ್ದವರು ನಮ್ಮ ಅತ್ತೆ. ತಂಗಿಯನ್ನು ನೋಡಲು ಹುಲ್ಲಹಳ್ಳಿಗೆ ಎಂದು ಬೆಳಿಗ್ಗೆಯೇ ಹೊರಟಿದ್ದರು.

"ನಿಂದ್ಯಾವ ಮೀಟಿಂಗು ಇಲ್ಲಿ?" ಎಂದರು.

"ನಿಮ್ಮ ತಂಗಿ ಹುಲ್ಲಹಳ್ಳಿ ಬಿಟ್ಟು ಇಲ್ಲಿಗೆ ಯಾವಾಗ ಬಂದ್ರು ಅತ್ತೆ?" ಎಂದೆ.

ಸ್ವಲ್ಪ ಹೊತ್ತು ಇಬ್ಬರೂ ಬಲಿಪೀಠವನ್ನು ಭಕ್ತಿಯಿಂದ ನೋಡಿದೆವು. ಆಮೇಲೆ ಅವರೇ ದನಿ ತಗ್ಗಿಸಿ ಶುರು ಮಾಡಿದರು.

"ಮೂರು ಮಕ್ಕಳಾದ್ಮೇಲೆ ನಾನೂವೆ ಕ್ಯಾಂಪ್ನಲ್ಲಿ ಆಪ್ರೇಸನ್ ಮಾಡ್ಸ್ಕಂಡೆ ಕಣವ್ವ. ನಮ್ಮೂರ ಸ್ವಾಮೇರ್ಗೆ ಏಳಕ್ಕೆ ನಾಚ್ಕೆ. ಅದ್ಕೇ ವರ್ಸಾ ವರ್ಸಾ ಇಲ್ಗೇ ಬತ್ತೀನಿ."

"ಪ್ರತಿ ವರ್ಷ ಅದನ್ನೇ ಹೇಳ್ತೀರಾ?"

"ಊಂ. ಅವ್ರು ಕ್ಸಮಿಸ್ತಾರೆ. ಮನೆಗೋಗಿ ನೋಡ್ಕಂತೀನಿ, ಮನಸ್ನಲ್ಲಿ ಒಂಚೂರೂ ಬೇಜಾರಿರಲ್ಲ. ಬೇಜಾರೇ ಇಲ್ದಿದ್ಮೇಲೆ ಆ ಕ್ಸಮೆ ಸಲ್ಲಲ್ವೇನೋ ಅಂತ ಮುಂದಿನ್ವರ್ಸ ತಿರ್ಗಾ ಬತ್ತೀನಿ."

ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. "ಒಂಬತ್ತು ವರ್ಷ ನಾನು ಬೆಂಚಲ್ಲಿ ಕೂತಿದ್ದನ್ನ ನೋಡಿದ್ರಿ. ಒಂದ್ಸಲನಾದ್ರೂ ಹೇಳ್ಬಾರ್ದಾಗಿತ್ತಾ?"

"ನೋಡ್ತಾನೇ ಇದ್ದೆ. ಎಲ್ರ ಮುಂದೆ ಅಂಗೆ ಕೂರಕ್ಕೆ ಇವ್ಳಿಗೆ ದೈರ್ಯ ಅದೆ, ನಂಗಿಲ್ವಲ್ಲ ಅಂದ್ಕತಿದ್ದೆ" ಎಂದರು. ಜಪಮಾಲೆಯ ಆ ಪ್ರಾರ್ಥನೆ ಯಾರಿಗಾಗಿ ಎಂದು ಕೇಳಿದೆ. "ಇನ್ಯಾರ್ಗೆ, ನಂಗೇಯ" ಎಂದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತು ಅಡುಗೆ ಮಾಡಿದ್ದೇವೆ.

ನನ್ನ ಸರದಿ ಬಂದಾಗ ಒಳಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ: ಮಾಡಿಸಿಕೊಂಡಿದ್ದೇನೆ, ಪಶ್ಚಾತ್ತಾಪ ಬಂದಿಲ್ಲ. ಇನ್ನೂ ಎಳೆ ಪ್ರಾಯದ ಫಾದರು ನೊಂದುಕೊಂಡೇ, ಹಾಗಾದರೆ ಕ್ಷಮೆ ಕೊಡಲು ಬರುವುದಿಲ್ಲ, ಆಶೀರ್ವಾದ ಕೊಡುತ್ತೇನೆ ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೂ ಪರೀಕ್ಷೆ ನಡೆಸುವವಳೇ, ನಿಯಮ ಬರೆದವರು ಕೊಠಡಿಯಲ್ಲಿ ಇರುವುದಿಲ್ಲ. ಹೊರಗೆ ಬಂದಾಗ ಬೆಂಚಿನಲ್ಲಿ ಅತ್ತೆ ಇರಲಿಲ್ಲ. ತಮ್ಮ ಸರದಿ ಬಿಟ್ಟು ಗೇಟಿನ ಹತ್ತಿರ ನನಗಾಗಿ ಕಾಯುತ್ತಿದ್ದರು.

ಮರುದಿನದ ಪೂಜೆಯಲ್ಲಿ ಬಿಳಿ ಗೌನಿನ ಮಗಳು ಸಾಲಿಗೆ ನಿಂತು ಹಿಂದೆ ತಿರುಗಿ ನೋಡಿದಳು. ಎದ್ದೆ. ಯಾರ ಕ್ಷಮೆಯೂ ಇಲ್ಲದೆ ಹೋಗಿ ಅವಳ ಪಕ್ಕ ನಿಂತೆ, ಕೈ ಒಡ್ಡಿದೆ, "ಆಮೆನ್" ಎಂದೆ. ಹೆದರಿಕೆಯಾಗಬಹುದೇನೋ ಎಂದುಕೊಂಡಿದ್ದೆ. ಆಗಲಿಲ್ಲ. ಮನೆಗೆ ಬಂದ ಹಾಗಾಯಿತು, ಅಳು ಬಂತು.

ಬೆಂಚಿಗೆ ಮರಳಿದಾಗ ಅತ್ತೆ ಮೊಣಕಾಲೂರಿ ಕಣ್ಣು ಮುಚ್ಚಿದ್ದರು. ಕಣ್ಣು ತೆರೆಯದೆ ಅಂದರು: "ಮುಂದಿನ್ವರ್ಸದಿಂದ ನಾನ್ ನರಸೀಪುರಕ್ಕೆ ಓಗಲ್ಲ ಕಣವ್ವ."