ಮುಖ ಬಿಟ್ಟು ಹೊಡೆದ ಮುದ್ರೆ

ಅವರ ಬಲ ಅಂಗೈಯ ನಡುವೆ ಒಂದು ರೂಪಾಯಿ ನಾಣ್ಯದಷ್ಟಗಲ ಜಡ್ಡುಗಟ್ಟಿತ್ತು. ಮೂವತ್ತು ವರ್ಷ ಅಂಚೆ ಮುದ್ರೆಯ ಹಿಡಿ ಒತ್ತಿ ಒತ್ತಿ ಆದದ್ದು. ಉಗುರಿನ ಸಂದಿಯ ಕಪ್ಪು ಮಸಿ ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ. ಅವರೂ ಅಷ್ಟೇ, ಯಾರಿಗೂ ಬಗ್ಗುವ ಆಸಾಮಿಯಲ್ಲ. ಮಾಟುಂಗದ ನಮ್ಮ ಸಣ್ಣ ಅಂಚೆ ಕಚೇರಿಯಲ್ಲಿ ನನ್ನ ಪಕ್ಕದ ಕೌಂಟರು ಅವರದು. ಉಡುಪಿ ಕಡೆಯವರು, ಜೋಗೇಶ್ವರಿಯಿಂದ ಲೋಕಲ್ ರೈಲಿನಲ್ಲಿ ಬರುತ್ತಿದ್ದರು. ನಾನು ಅಣ್ಣ ಎಂದೇ ಕರೆಯುತ್ತಿದ್ದೆ.

ನಾನು ಕೆಲಸಕ್ಕೆ ಸೇರಿದ ವಾರವೇ ಹೊಸ ಸ್ಮರಣಾರ್ಥ ಅಂಚೆಚೀಟಿಯೊಂದು ಬಂದಿತ್ತು. ಬ್ರಿಟಿಷರ ಲಾಠಿ ತಿಂದು, ಜೈಲಿಗೆ ಹೋಗಿ, ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿಯಾಗಿ ದುಡಿದ ಹಿರಿಯರೊಬ್ಬರ ಮುಖ ಅದರಲ್ಲಿ. ಆ ಹಿರಿಯರ ಹೆಸರನ್ನು ಅಣ್ಣ ಹೇಳುತ್ತಿರಲಿಲ್ಲ, 'ಯಜಮಾನರು' ಅನ್ನುತ್ತಿದ್ದರು. ನಾನು ಮುದ್ರೆ ಎತ್ತಿ ಧಡ್ಡೆಂದು ಬಡಿದೆ.

"ಏ ಮಾರಾಯ್ತಿ! ಯಜಮಾನರ ಮೂಗಿನ ಮೇಲೇ ಹೊಡ್ದಿಯಲ್ಲ!" ಅಣ್ಣ ನನ್ನ ಮಣಿಕಟ್ಟು ಹಿಡಿದರು.

"ಮತ್ತೆಲ್ಲಿ ಹೊಡೀಲಿ?" ನನಗೂ ಸಿಟ್ಟು ಬಂತು.

ತೋರಿಸಿದರು. ಕೆಳಗಿನ ಎರಡು ಮೂಲೆಗೆ ಒಂದೊಂದು ಏಟು. ಚೀಟಿ ಮತ್ತೆ ಬಳಸಲು ಬಾರದು, ಮುಖ ಮಾತ್ರ ಸ್ವಚ್ಛ. ಒಂದೇಟಿನ ಕೆಲಸಕ್ಕೆ ಎರಡೇಟು, ಇದೆಂಥ ಹುಚ್ಚು ಅಂದುಕೊಂಡೆ. ಹುಚ್ಚೇ, ಸುಳ್ಳಲ್ಲ. ತಿಂಗಳೊಳಗೆ ಅದು ನನ್ನ ಕೈಗೂ ಹತ್ತಿತು.

ಅವರ ನಿವೃತ್ತಿಗೆ ಮೂರು ತಿಂಗಳಿರುವಾಗ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಯಜಮಾನರ ಚೀಟಿಗೆ ಎರಡೇಟು ಹೊಡೆಯುತ್ತಿದ್ದ ಅಣ್ಣನ ಹಿಂದೆ ನಿಂತು ನೋಡಿ, "ಯೇ ಕ್ಯಾ ನಾಟಕ್ ಹೈ? ಬೀಚ್ ಮೇ ಮಾರೋ" ಅಂದರು. ಇದೇನು ನಾಟಕ, ನಡುವೆ ಹೊಡಿ ಅಂತ. ನಿಯಮ ಹಾಗೇ ಇರಬಹುದು. ಆ ದನಿ ಮಾತ್ರ ನನಗೆ ಹಿಡಿಸಲಿಲ್ಲ.

ಅಣ್ಣ ಮುದ್ರೆ ಕೆಳಗಿಟ್ಟು ಎದ್ದು ನಿಂತರು. "ಅಂಗ್ರೇಜೋಂ ನೇ ಬಹುತ್ ಮಾರಾ ಹೈ ಇನ್ ಕೋ, ಸಾಹೇಬ್. ಮೈ ನಹೀಂ ಮಾರೂಂಗಾ." ಬ್ರಿಟಿಷರು ಇವರನ್ನು ಸಾಕಷ್ಟು ಹೊಡೆದಿದ್ದಾರೆ, ನಾನು ಹೊಡೆಯುವುದಿಲ್ಲ ಅಂತ.

"ಕೌಂಟರ್ ಸೇ ಹಟಾ ದೂಂಗಾ." ಕೌಂಟರಿನಿಂದಲೇ ತೆಗೆಸುತ್ತೇನೆ ಎಂಬ ಬೆದರಿಕೆ.

"ಹಟಾವೋ." ತೆಗೆಸಿ ಅಂದರು ಅಣ್ಣ.

ಮರುದಿನದಿಂದ ಅವರನ್ನು ಚೀಲ ಕಟ್ಟಲು ಹಿಂದಿನ ಕೋಣೆಗೆ ಹಾಕಿದರು. ಮೂವತ್ತು ವರ್ಷ ಜನರ ಮುಖ ನೋಡುತ್ತ ಕೆಲಸ ಮಾಡಿದವರ ಎದುರಿಗೆ ಈಗ ಬರೀ ಗೋಡೆ! ನಾನೇ ಆ ಕೋಣೆಗೆ ಹೋದೆ. ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ ಎಂದು ಅಂಗಲಾಚಿದೆ.

"ಎಂಥ ತಪ್ಪು? ಯಜಮಾನರು ವರ್ಷಗಟ್ಲೆ ಜೈಲಲ್ಲಿ ಕೂತ್ರು. ನಂಗೆ ಮೂರು ತಿಂಗಳು ಫ್ಯಾನಿಲ್ಲದ ರೂಮು. ಇಷ್ಟಕ್ಕೆಲ್ಲ ಅಳುವುದುಂಟಾ?"

ಅಂದಿನಿಂದ ನಾನೂ ಬೇಕೆಂದೇ ಜೋರಾಗಿ ಹೊಡೆದೆ, ಎರಡೇಟಿನ ಸದ್ದು ಹಿಂದಿನ ಕೋಣೆಗೆ ಕೇಳಲಿ ಅಂತ.

ಬೀಳ್ಕೊಡುಗೆಗೆ ನಾವೆಲ್ಲ ಸೇರಿ ಅವರದೇ ಫೋಟೊ ಇರುವ ಅಂಚೆಚೀಟಿಗಳ ಹಾಳೆಯೊಂದನ್ನು ಮಾಡಿಸಿಕೊಟ್ಟೆವು. ಈಗ ಯಾರು ಬೇಕಾದರೂ ಹಾಗೆ ಮಾಡಿಸಿಕೊಳ್ಳಬಹುದಲ್ಲ. ನೋಡಿ ನಾಚಿಕೊಂಡು ನಕ್ಕರು. "ಇದಕ್ಕೆ ನಡು ಮೂಗಿಗೇ ಹೊಡಿ, ಆಯ್ತಾ? ನಾನೆಂಥ ಲಾಠಿ ತಿಂದವನಾ?"

ಹೋದ ವರ್ಷ ಅಣ್ಣ ತೀರಿಕೊಂಡರು. ಉತ್ತರಕ್ರಿಯೆಯ ಕಾರ್ಡುಗಳನ್ನು ಅವರ ಸೊಸೆ ನನ್ನ ಕೌಂಟರಿಗೇ ತಂದಳು. ಆ ಹಾಳೆಯಲ್ಲಿ ಒಂದು ಚೀಟಿಯನ್ನೂ ಅವರು ಬಳಸಿರಲಿಲ್ಲವಂತೆ. ಈಗ ಪ್ರತಿ ಕಾರ್ಡಿನ ಮೇಲೂ ಅಣ್ಣ ನಗುತ್ತಿದ್ದರು. ಮುದ್ರೆ ಕೆಳಗಿಟ್ಟು ಮೊದಲ ಕಾರ್ಡನ್ನೇ ನೋಡುತ್ತ ಕೂತೆ. ಹಿಂದೆ ಈಗಿನ ಸಾಹೇಬರು ಬಂದು ನಿಂತಿದ್ದರು.

"ಮ್ಯಾಡಮ್, ಬೀಚ್ ಮೇ."

ಸಾಹೇಬರೂ ನಡುವೆ ಅನ್ನುತ್ತಾರೆ, ಅಣ್ಣನೂ ನಡುವೆ ಅಂದಿದ್ದರು. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಎಡ ಮೂಲೆಗೊಂದು, ಬಲ ಮೂಲೆಗೊಂದು ಹೊಡೆದೆ. ಹಿಂದಿನ ಕೋಣೆ ಖಾಲಿ ಇದೆ, ಕಳಿಸುವುದಾದರೆ ಕಳಿಸಿ ಎಂದು ಹೇಳಿ ಮುಂದಿನ ಕಾರ್ಡು ಎತ್ತಿಕೊಂಡೆ.