ಸತ್ಕಾರದ ತೆಂಗಿನಕಾಯಿ

ಹೋದ ವರ್ಷ ಒಂದು ರವಿವಾರ ನಿಪ್ಪಾಣಿಯಲ್ಲಿ ಕುಡಿತದ ಕೆಡುಕುಗಳನ್ನು ಕುರಿತು ಇಪ್ಪತ್ತು ನಿಮಿಷ ಮಾತನಾಡಿದೆ. ಚಪ್ಪಾಳೆ ಬಿತ್ತು. ಟವೆಲ್ಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಬಸ್ಸು ಹತ್ತಿ ನಮ್ಮೂರು ಚಿಕ್ಕೋಡಿಗೆ ಬಂದೆ. ಅಂದೇ ಸಂಜೆ ಕುಡಿದೆ.

ಇದನ್ನು ಓದಿ ನನ್ನ ಹಳೆಯ ವಿದ್ಯಾರ್ಥಿಗಳು ಹೌಹಾರಿರಬಹುದು. ಕಾಗುಣಿತ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮಾಸ್ತರರು ಕುಡಿಯುತ್ತಿದ್ದರೇ? ಹೌದು, ಕುಡಿಯುತ್ತಿದ್ದರು. (ಅವಧಿಗೆ ಮುನ್ನವೇ ನಿವೃತ್ತಿ ಪಡೆದದ್ದು ಮಂಡಿನೋವಿನಿಂದ ಎಂದು ಹೇಳಿದ್ದೆನಲ್ಲ, ಅದು ಸುಳ್ಳು.)

ಮಿರಜದ ಡಾಕ್ಟರರು ಅದಕ್ಕೆ ಒಂದು ತಿಂಗಳ ಮೊದಲೇ ಸ್ಪಷ್ಟವಾಗಿ ಹೇಳಿದ್ದರು: "ಮಾಸ್ತರ, ನಿಮ್ಮ ಲಿವರ್ ಇನ್ನೊಂದು ವರ್ಷ ತಾಳೂದಿಲ್ಲ. ಬಿಡಸೂ ಔಷಧ ನನ್ನ ಕಡೆ ಇಲ್ಲ. ನಿಪ್ಪಾಣಿಯೊಳಗ ಬಿಟ್ಟವರೆಲ್ಲ ಕೂಡಿ ಕುಂಡ್ರತಾರಂತ, ಹೋಗಿ ನೋಡ್ರಿ."

ಹುಡುಕುವುದು ಕಷ್ಟವಾಗಲಿಲ್ಲ. ನಿಪ್ಪಾಣಿ ಬಸ್ ನಿಲ್ದಾಣದ ಗೋಡೆಗೆ ಕೈಬರಹದ ಚೀಟಿ ಅಂಟಿಸಿದ್ದರು. ಕುಡಿತ ಬಿಡಬೇಕೆನ್ನುವವರು ರವಿವಾರ ಹತ್ತು ಗಂಟೆಗೆ ತಂಬಾಕಿನ ಹಳೆಯ ವಖಾರಿಗೆ (ಗೋದಾಮಿಗೆ) ಬರಬೇಕು, ಇಷ್ಟೇ ಒಕ್ಕಣೆ. ಅದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಇಷ್ಟು ಅಶುದ್ಧವಾಗಿ ಬರೆಯುವವರು ನನ್ನನ್ನೇನು ಶುದ್ಧಗೊಳಿಸಿಯಾರು ಎಂದುಕೊಂಡು ಮೂರು ವಾರ ತಳ್ಳಿದೆ. ಕುಡುಕನಿಗೆ ನೆಪಗಳ ಬರವೇ?

ನಾಲ್ಕನೆಯ ರವಿವಾರ ನನ್ನ ಹೆಂಡತಿ ಸುಶೀಲಾ ಇಸ್ತ್ರಿಯ ಧೋತರ, ಬಿಳಿ ಅಂಗಿ ತೆಗೆದಿಟ್ಟಳು. ಅವಳು ಅಡುಗೆಮನೆಗೆ ಹೋದದ್ದನ್ನು ನೋಡಿ, ಕೈ ನಡುಗದಿರಲೆಂದು ಎರಡು ಗುಟುಕು ಏರಿಸಿ, ಯಾಲಕ್ಕಿ ಅಗಿಯುತ್ತ ಹೊರಟೆ.

ವಖಾರಿಯ ಬಾಗಿಲಲ್ಲಿ ಕಾಲಿಟ್ಟೆನೋ ಇಲ್ಲವೋ, ಗೋಣಿತಟ್ಟಿನ ಮೇಲೆ ಕುಳಿತಿದ್ದ ಹತ್ತು-ಹನ್ನೆರಡು ಜನ ಎದ್ದು ನಿಂತರು. ಅವರ ಮುಖ್ಯಸ್ಥ ಮಾರುತಿ ವಖಾರಿಯಲ್ಲೇ ಹಮಾಲಿ ಮಾಡುವವನು. ಕೈಮುಗಿದು ಮುಂದೆ ಬಂದ.

"ಬರ್ರಿ ಸರ, ನಿಮ್ಮ ಹಾದೀನ ಕಾಯಾಕತ್ತಿದ್ವಿ. ಖುರ್ಚಿ ಮ್ಯಾಲ ಕುಂಡ್ರಿ."

ಅವರ ಕೂಟಕ್ಕೆ ಅಂದು ಒಂದು ವರ್ಷ ತುಂಬಿತ್ತಂತೆ. ಕಾಗವಾಡದಿಂದ ಯಾರೋ ಮಾಸ್ತರರು ಮಾತನಾಡಲು ಬರುವವರಿದ್ದರಂತೆ. ಅಲ್ಲಿ ಧೋತರ, ಕನ್ನಡಕ, ಕೊಡೆಗಳ ಸಮೇತ ನಾನು ಪ್ರತ್ಯಕ್ಷನಾದೆ. ನಮ್ಮ ಸೀಮೆಯಲ್ಲಿ ಇಂಥ ವೇಷದವನು ಸಭೆಗೆ ಬಂದರೆ ಅವನಿಗೆ ಖುರ್ಚಿಯೇ ಗತಿ.

'ನಾನು ಅವರಲ್ಲ, ನಿಮ್ಮಂಥವನೇ' ಎನ್ನಲು ಎಷ್ಟು ಉಸಿರು ಬೇಕು? ಅಷ್ಟೂ ಹೊರಡಲಿಲ್ಲ. ಗಂಟಲು ಸರಿಪಡಿಸಿಕೊಂಡು ಭಾಷಣಕ್ಕೇ ನಿಂತೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ, ಯಾವುದನ್ನೂ ಬಿಡಲಿಲ್ಲ.

ಮನೆಯಲ್ಲಿ ಸುಶೀಲಾ ಟವೆಲ್ಲನ್ನೂ ಕಾಯಿಯನ್ನೂ ನೋಡಿದಳು.

"ಏನಂದ್ರು ಅಲ್ಲಿ?"

"ಅವರೇನೂ ಅನ್ನಲಿಲ್ಲ. ನಾನ ಮಾತಾಡಿದ್ನಿ."

"ಕುಡ್ಯಾಂವಗ ಸತ್ಕಾರ ಮಾಡಿ ಕಳಿಸ್ಯಾರೇನ್ರಿ?"

ಸಂಜೆ ನನ್ನ ಬಾಯಿಯ ವಾಸನೆಯೇ ಅವಳಿಗೆ ಉಳಿದದ್ದನ್ನು ತಿಳಿಸಿತು. ಅವಳು ಜಗಳವಾಡಲಿಲ್ಲ. ಕಾಯಿಯನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟು, "ಇದನ್ನ ನಾ ಒಡ್ಯಾಂಗಿಲ್ಲ. ಬರೂ ರವಿವಾರ ಹೊಳ್ಳಿ ಕೊಟ್ಟು ಬರ್ರಿ" ಎಂದಳು.

ಅಡುಗೆಮನೆಯಲ್ಲಿ ಏಳು ದಿನ ಜುಟ್ಟುಸಮೇತ ಕುಳಿತ ತೆಂಗಿನಕಾಯಿಯ ಎದುರು ನೀವು ಊಟ ಮಾಡಿದ್ದೀರಾ? ನಾನು ಮಾಡಿದ್ದೇನೆ. ಜುಟ್ಟಿನಡಿಯ ಅದರ ಮೂರು ಕಣ್ಣುಗಳಂಥ ಕಣ್ಣು ಶಾಲೆಗೆ ಬರುತ್ತಿದ್ದ ಯಾವ ಇನ್‌ಸ್ಪೆಕ್ಟರ್ ಸಾಹೇಬರಿಗೂ ಇರಲಿಲ್ಲ.

ಮುಂದಿನ ರವಿವಾರ ಚೀಲದಲ್ಲಿ ಕಾಯಿ, ಟವೆಲ್ಲು ಹಾಕಿಕೊಂಡು, ಗುಟುಕು ಏರಿಸದೆ ಹೋದೆ. ಮಾರುತಿ ಮತ್ತೆ ಖುರ್ಚಿ ತಂದ. ನಾನು ಅವೆರಡನ್ನೂ ಖುರ್ಚಿಯ ಮೇಲಿಟ್ಟು, ಕೆಳಗೆ ತಟ್ಟಿನ ಮೇಲೆ ಕುಳಿತೆ. (ಮಂಡಿ ನಿಜಕ್ಕೂ ನೋಯುತ್ತದೆಂದು ಅಂದು ತಿಳಿಯಿತು.) ಕೈ ನಡುಗುತ್ತಿತ್ತು. ನಡುಗಲಿ ಎಂದು ಬಿಟ್ಟೆ.

"ಹೋದ ರವಿವಾರ ಇಲ್ಲಿ ಭಾಷಣ ಮಾಡಿ ಹೋಗಿ ಸಂಜೀಕ ಕುಡದೀನಿ. ಬರೂ ಮುಂದನೂ ಕುಡದ ಬಂದಿದ್ನಿ. ನನಗ ಬಿಡಾಕ ಆಗವಲ್ದು."

ಮೂವತ್ತು ವರ್ಷಗಳ ವೃತ್ತಿಯಲ್ಲಿ ಇಷ್ಟು ಚಿಕ್ಕ ವಾಕ್ಯಗಳನ್ನು ನಾನು ಆಡಿರಲಿಲ್ಲ.

ಯಾರೂ ಬೆರಗಾಗಲಿಲ್ಲ. ಮಾರುತಿ ನಿಧಾನವಾಗಿ ಹೇಳಿದ: "ಗೊತ್ತಿತ್ರಿ ಸರ. ಕಾಗವಾಡದವರು ಬಸ್ ತಪ್ಪಿ ಮಧ್ಯಾಹ್ನ ಬಂದ್ರು. ಆದ್ರ ಅದಕ್ಕೂ ಮದ್ಲ ಗೊತ್ತಿತ್ತು. ಟವೆಲ್ಲ ಹೊದಸೂ ಮುಂದ ವಾಸನಿ ಬಂತು. ತಂಬಾಕಿನ ಘಾಟಿನ್ಯಾಗೂ ಅದೊಂದು ವಾಸನಿ ನಮಗ ತಪ್ಪೂದಿಲ್ಲರಿ."

"ಮತ್ತ ಅವಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಮತ್ತ ಇಪ್ಪತ್ತು ಮಿನಿಟ ಮಾತಾಡ್ತಿದ್ರಿ."

ತಟ್ಟಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವರಲ್ಲೊಬ್ಬ ಕಾಯಿಯನ್ನು ಹೊಸ್ತಿಲಿಗೆ ಬಡಿದು ಒಡೆದ. ಮತ್ತೊಬ್ಬ ಬೆಲ್ಲ ತಂದ. ಕೊಬ್ಬರಿಯ ಮೊದಲ ಚೂರನ್ನು ಮಾರುತಿ ನನ್ನ ನಡುಗುವ ಅಂಗೈಯಲ್ಲಿಟ್ಟು, ಬೀಳದಂತೆ ಬೆರಳುಗಳನ್ನು ತಾನೇ ಮಡಿಚಿದ.

ಆಮೇಲೆ ಎರಡು ಸಲ ಜಾರಿದೆ. ಎರಡು ಸಲವೂ ಆ ತಟ್ಟಿನ ಮೇಲೆಯೇ ಒಪ್ಪಿಕೊಂಡೆ. ಈಗ ಮುಟ್ಟದೆ ಏಳು ತಿಂಗಳಾಯಿತು. ಗೋಡೆಯ ಚೀಟಿಯ ತಪ್ಪುಗಳು ಹಾಗೆಯೇ ಇವೆ. ನಾನು ತಿದ್ದಿಲ್ಲ.

ಊರೂರಿನ ಓದುಗರೇ, ನೀವು ಇಂದಿಗೂ ನನ್ನನ್ನು ಭಾಷಣಕ್ಕೆ ಕರೆಯುತ್ತೀರಿ, ಸಂತೋಷ. ಒಂದೇ ಬಿನ್ನಹ: ಟವೆಲ್ಲು ಹೊದಿಸುವ ಮೊದಲು ಸ್ವಲ್ಪ ಹತ್ತಿರ ಬಂದು ಮೂಸಿ ನೋಡುವಿರಾ?