ಅತ್ತೆಯ ಒಣ ಬಾಯಿ, ನಮ್ಮನೆಯ ಒಣ ಚಪಾತಿ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಡಾಕ್ಟರುಗಳಿಗೆ ಸಕ್ಕರೆ ಕಾಯಿಲೆ ಅಂದರೆ ಚಪಾತಿ ಬಿಟ್ಟು ಬೇರೆ ಊಟವೇ ಹೊಳೆಯುತ್ತಿರಲಿಲ್ಲ. ಹಲಸೂರಿನ ನಮ್ಮ ಮನೆಗೂ ಆ ಚಪಾತಿ ಬಂತು. ನನ್ನ ಅತ್ತೆ ಅಲ್ಲೇ ಹುಟ್ಟಿ, ಅಲ್ಲೇ ಹೊಲ ಗೇದು, ಹೊಲಗಳೆಲ್ಲ ಸೈಟುಗಳಾದ ಮೇಲೂ ಮುದ್ದೆ ನುಂಗಿಯೇ ಬದುಕಿದವರು. ಮುದ್ದೆಯನ್ನು ಅಗಿಯುವವರನ್ನು ಕಂಡರೆ ಅವರಿಗೆ ನಗು. ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಡಾಕ್ಟರು ಒಂದೇ ಮಾತಿಗೆ ಅನ್ನ, ಮುದ್ದೆ ಎರಡೂ ನಿಲ್ಲಿಸಿ, ಎರಡು ಹೊತ್ತೂ ಎಣ್ಣೆಯಿಲ್ಲದ ಚಪಾತಿ ಎಂದರು. ಜೊತೆಗೆ ಕಾಲುರಿಗೆ ಒಂದು ಮಾತ್ರೆ ಬರೆದುಕೊಟ್ಟರು.

ನಾನು ಧಾರವಾಡದ ಕಡೆಯವಳು. ರೊಟ್ಟಿ ಬಡಿದು ಬೆಳೆದ ಕೈಗೆ ಚಪಾತಿ ಯಾವ ಲೆಕ್ಕ? ಹೂವಿನಂಥ ಚಪಾತಿ ಮಾಡಿ ಬಡಿಸಿದೆ. ಅತ್ತೆ ಒಂದು ತುಂಡು ಬಾಯಿಗಿಟ್ಟು, ಈ ಕೆನ್ನೆಯಿಂದ ಆ ಕೆನ್ನೆಗೆ ತಿರುಗಿಸಿ, "ಸಾಕು ಕಣಮ್ಮ" ಎಂದು ಎದ್ದುಬಿಡುತ್ತಿದ್ದರು. ದಿನಾ ಇದೇ ರಾಮಾಯಣ. ಕೈ ಎತ್ತಿದರೆ ಬಳೆ ಮೊಣಕೈಗೆ ಜಾರುವಷ್ಟು ಸೊರಗಿದರು. ನನ್ನ ಗಂಡನೋ, "ಅಮ್ಮಂಗೆ ಮೊದ್ಲಿಂದ್ಲೂ ಹಠ, ಬಿಡು" ಎಂದು ಪೇಪರ್ ಹಿಡಿದರೆ ಮುಗಿಯಿತು. ಕೆ.ಆರ್. ಪುರದಿಂದ ಬಂದ ದೊಡ್ಡ ನಾದಿನಿ ನನಗೆ ಕೇಳಿಸಲೆಂದೇ, "ಆ ಕಡೆಯವ್ರ ಅಡ್ಗೆ ನಮ್ಮಮ್ಮಂಗೆ ಎಲ್ಲಿ ಹಿಡಿಸ್ತದೆ" ಎಂದರು. ಮೈಯೆಲ್ಲ ಉರಿಯಿತು. ಅತ್ತೆಗೇನಾದರೂ ಆದರೆ ಅವರನ್ನು ಉಪವಾಸ ಕೆಡವಿದ ಸೊಸೆ ಎಂಬ ಹೆಸರು ನನಗೇ ಗ್ಯಾರಂಟಿ.

ಸಾಲದ್ದಕ್ಕೆ ಒಂದು ದಿನ ಹಾಸಿಗೆ ಕೊಡವಿದರೆ ದಿಂಬಿನಡಿಯಿಂದ ಪೆಪ್ಪರಮಿಂಟಿನ ಕಾಗದಗಳು ಉದುರಿದವು. ಊಟ ಬೇಡ, ಪೆಪ್ಪರಮಿಂಟ್ ಬೇಕು! ಆ ಸಲದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಏರಿತ್ತು. "ಏನ್ರೀ ತಿನ್ನಿಸ್ತಿದ್ದೀರ ಮನೇಲಿ?" ಎಂದು ಡಾಕ್ಟರು ಬೈದದ್ದು ನನ್ನನ್ನು.

ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದರೆ ಅತ್ತೆ ಗೋಡೆಯ ಕಡೆ ತಿರುಗಿ ಕೂತು, ಚಪಾತಿ ಚೂರನ್ನು ನೀರಿನ ಲೋಟದಲ್ಲಿ ಅದ್ದಿ ಅದ್ದಿ ನುಂಗಲು ಒದ್ದಾಡುತ್ತಿದ್ದರು.

"ಅತ್ತೀ, ಬಾಯಿ ತೆರೀರಿ," ಎಂದು ಹೆಚ್ಚುಕಡಿಮೆ ಗದರಿದೆ.

ನಾಲಿಗೆ ಬಿಸಿಲಿಗೆ ಬಿದ್ದ ಕೆಸರಿನ ಹಾಗೆ ಬಿರಿದಿತ್ತು. ಹನಿ ಜೊಲ್ಲಿಲ್ಲ. ಆ ಬಾಯಲ್ಲಿ ನನ್ನ ಹೂವಿನಂಥ ಚಪಾತಿ ರಟ್ಟಿಗೆ ಸಮ. ಪೆಪ್ಪರಮಿಂಟ್ ಚೀಪುತ್ತಿದ್ದದ್ದೂ ಬಾಯಿ ಒಂದಿಷ್ಟು ಒದ್ದೆಯಾಗಲೆಂದೇ.

ಮಾರನೆಯ ದಿನವೇ ಡಾಕ್ಟರ ಮುಂದೆ ಕೂರಿಸಿದೆ. "ಹೌದ್ರೀ, ಕಾಲುರಿ ಮಾತ್ರೆಗೆ ಬಾಯಿ ಒಣಗುತ್ತೆ. ಮೊದ್ಲೇ ಹೇಳ್ಬೇಕಿತ್ತು," ಎಂದರು. ಯಾರು ಯಾರಿಗೆ ಹೇಳಬೇಕಿತ್ತು ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದರೂ ಹಲ್ಲು ಕಚ್ಚಿ ತಡೆದುಕೊಂಡೆ. ಮಾತ್ರೆ ಬದಲಾಯಿತು. ಸಣ್ಣ ಮುದ್ದೆ, ತೆಳ್ಳನೆ ಸಾರು, ಮಜ್ಜಿಗೆ ಕೊಡಬಹುದು ಎಂದರು. ಇಷ್ಟು ಹೇಳಲು ಇಷ್ಟು ತಿಂಗಳು!

ಮನೆಗೆ ಬಂದವಳೇ ಮುದ್ದೆ ತೊಳಸಿ, ಸೊಪ್ಪಿನ ಬಸ್ಸಾರು ಮಾಡಿ ಇಟ್ಟೆ. ಅತ್ತೆ ಒಂದು ಚೂರು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರು. ಇಳಿಯಿತು. ಇನ್ನೊಂದು ಚೂರೂ ಇಳಿಯಿತು. ಆಗ ನನ್ನ ಸಿಟ್ಟು ಕಟ್ಟೆಯೊಡೆಯಿತು.

"ಇಷ್ಟ್ ದಿನಾ ಬಾಯಿಬಿಟ್ಟು ಹೇಳಾಕ ಏನಾಗಿತ್ರಿ ನಿಮಗ?"

ಅತ್ತೆ ತಲೆಯೆತ್ತಲಿಲ್ಲ. "ಅನ್ನದ ಋಣ ತೀರ್ತು ಅಂದ್ಕೊಂಡೆ ಕಣಮ್ಮ. ನಮ್ಮತ್ತೆಗೂ ಹಿಂಗೇ ತುತ್ತು ಇಳೀದಂಗಾಯ್ತು, ಆಮೇಲೆ ಹೊಂಟೋದ್ರು. ಋಣ ತೀರಿದ್ಮೇಲೆ ಯಾರ್ನ ಏನಂತ ಕೇಳೋದು?"

ದಿನಾ ನನ್ನೆದುರಿಗೇ ತಟ್ಟೆ ಇಟ್ಟುಕೊಂಡು ಈ ಹೆಂಗಸು ಸಾಯಲು ತಯಾರಾಗುತ್ತಿದ್ದರು. ನಾವೆಲ್ಲ ಅದನ್ನು ಹಠ ಎನ್ನುತ್ತಿದ್ದೆವು. ಹಿಡಿದು ಅಲುಗಾಡಿಸಿಬಿಡಬೇಕು ಅನ್ನಿಸುವಷ್ಟು ಕೋಪ ಬಂತು. ಅದರ ಹಿಂದೆಯೇ ಅಳು.

"ಋಣ ತೀರಿಲ್ರಿ, ಇನ್ನೂ ಭಾಳ ಐತಿ," ಎಂದೆ.

ಅತ್ತೆ ನನ್ನ ಮುಖ ನೋಡಿದರು.

"ಹಂಗಾದ್ರೆ ಇನ್ನೊಂಚೂರು ಸಾರು ಬಿಡು."